ಟೀಚರಿನ ಒಟ್ಟಿಗೆ ಬಂದವಳು

ಕುಶಲಾಳ ಓದಿಗೆ ಹಣ ಕೊಟ್ಟದ್ದು ಸತ್ತುಹೋದ ಒಬ್ಬ ಹುಡುಗಿ. ಹೀಗೆ ನೇರವಾಗಿ ಹೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. ಅಂಥವರು ಬೇಕಿದ್ದರೆ ‘ದಿವಂಗತ ವಿಜೇತಾ ಸ್ಮಾರಕ ವಿದ್ಯಾರ್ಥಿವೇತನ’ ಎಂದು ನಾಲಿಗೆ ತಿರುಗಿಸಿ ಹೇಳಿಕೊಳ್ಳಲಿ. ಆದರೆ ಉದ್ಯಾವರದ ಆ ಮನೆಯಲ್ಲಿ ‘ದಿವಂಗತ’ ಎಂಬ ಶಬ್ದವನ್ನು ಯಾರೂ ಬಳಸುತ್ತಿರಲಿಲ್ಲ. ‘ಸ್ಮಾರಕ’ ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ವಿಜೇತಾಳ ಅಮ್ಮ ವಿನೋದಕ್ಕ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಕುಶಲಾ ಹಿರಿಯಡ್ಕದವಳು. ಅಮ್ಮ ಬೀಡಿ ಕಟ್ಟುತ್ತಿದ್ದರು. ಅಪ್ಪ ಲಾರಿಗೆ ಮೂಟೆ ಹೊತ್ತು ಹೊತ್ತು ಸೊಂಟ ಕಳೆದುಕೊಂಡು ಜಗಲಿ ಹಿಡಿದಿದ್ದರು. ಪಿಯುಸಿ ಮುಗಿದದ್ದೇ ಜೊತೆಯ ಹುಡುಗಿಯರೆಲ್ಲ ಮಣಿಪಾಲದ ಕಡೆ ಮುಖ ಮಾಡಿದರು. ಕೆಲವರಿಗೆ ನರ್ಸಿಂಗ್, ಕೆಲವರಿಗೆ ಲ್ಯಾಬ್, ಏನೂ ಇಲ್ಲದಿದ್ದರೆ ಯಾವುದಾದರೂ ಅಂಗಡಿಯ ಬಿಲ್ಲಿಂಗ್ ಕೌಂಟರ್. ಕುಶಲಾ ಮಾತ್ರ ಡಿ.ಎಡ್. ಮಾಡಿ ಪ್ರೈಮರಿ ಶಾಲೆಯ ಟೀಚರ್ ಆಗುತ್ತೇನೆ ಎಂದು ಹಟ ಹಿಡಿದು ಕೂತಳು. ಈಗಿನ ಕಾಲದಲ್ಲಿ ಡಿ.ಎಡ್.ಗೆ ಸೇರುವವರನ್ನು ಜನ ನೋಡುವ ರೀತಿ ಗೊತ್ತೇ ಇದೆ: ಬೇರೆ ಎಲ್ಲೂ ಸೀಟು ಸಿಗಲಿಲ್ಲವೋ ಪಾಪ, ಎಂದು. ನಮ್ಮ ಮಕ್ಕಳಿಗೆ ಅ ಆ ಇ ಈ ಕಲಿಸುವವರು ಮಾತ್ರ ಆಕಾಶದಿಂದ ಇಳಿದು ಬರಬೇಕು ಇವರಿಗೆ.

ಕಾರ್ಕಳದ ಒಂದು ಖಾಸಗಿ ಸಂಸ್ಥೆಯಲ್ಲಿ ಸೀಟೇನೋ ಸಿಕ್ಕಿತು. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಾಯಿತು, ಅಮ್ಮ ಸ್ವಸಹಾಯ ಸಂಘದಲ್ಲಿ ಕೇಳಿದ್ದಾಯಿತು. ಏನು ಮಾಡಿದರೂ ಫೀಸಿಗೆ ಹೊಂದಿಕೆಯಾಗಲಿಲ್ಲ. ಸೀಟು ಬಿಟ್ಟುಕೊಡಲು ಹೋದ ದಿನ ಅಲ್ಲಿನ ಉಪನ್ಯಾಸಕಿ ಎಸ್ತರ್ ಟೀಚರ್ ಅವಳನ್ನು ಪಕ್ಕಕ್ಕೆ ಕರೆದರು.

“ಉದ್ಯಾವರದಲ್ಲಿ ಒಂದು ಮನೆ ಉಂಟು. ಮಸ್ಕತ್ತಿನಲ್ಲಿ ಇದ್ದು ಬಂದವರು, ದೇವದಾಸ್ ಅಂತ. ಡಿ.ಎಡ್. ಮಾಡುವ ಒಂದು ಹುಡುಗಿಯ ಫೀಸು ಪೂರ್ತಿ ಕೊಡ್ತಾರಂತೆ. ಆದರೆ ಅವರದ್ದು ಎಂತದೋ ಒಂದು ಕ್ರಮ ಉಂಟು. ನಾನು ಕ್ರಿಸ್ಚನ್, ನನಗೆ ಅದೆಲ್ಲ ಸರಿಯಾಗಿ ಗೊತ್ತಾಗುದಿಲ್ಲ. ನೀನೇ ಹೋಗಿ ಕೇಳು.”

ಆ ಕ್ರಮವನ್ನು ದೇವದಾಸಣ್ಣ ಕರೆಂಟ್ ಬಿಲ್ಲಿನ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದರು. ಅವರ ಒಬ್ಬಳೇ ಮಗಳು ವಿಜೇತಾ. ಮೂರನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು. ಮಣಿಪಾಲಕ್ಕೆ ಕೊಂಡುಹೋದರೂ ಉಳಿಯಲಿಲ್ಲ. ನಮ್ಮ ಕಡೆಯ ನಂಬಿಕೆಯಲ್ಲಿ ಹಾಗೆ ಹೋದ ಮಕ್ಕಳು ಹೋದ ಪ್ರಾಯದಲ್ಲೇ ನಿಲ್ಲುವುದಿಲ್ಲ. ಪ್ರೇತರೂಪದ ಕುಲೆಗಳಾಗಿ ಅಲ್ಲಿಯೂ ವರ್ಷ ವರ್ಷ ಬೆಳೆಯುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೂ ಎಲೆ ಹಾಕಿ ಬಡಿಸಬೇಕು, ಪ್ರಾಯ ಬಂದಾಗ ಮದುವೆಯನ್ನೂ ಮಾಡಬೇಕು. ಇಲ್ಲದಿದ್ದರೆ ಮನೆಯಲ್ಲಿ ಏನಾದರೊಂದು ಸದ್ದು ಮಾಡಿ ನೆನಪಿಸುತ್ತಾರೆ. ವಿಜೇತಾ ಬದುಕಿದ್ದಾಗ ಅಂಗಳದ ಕ್ರೋಟನ್ ಗಿಡಗಳನ್ನು ಸಾಲಾಗಿ ಕೂರಿಸಿ ಕೋಲು ಹಿಡಿದು ಪಾಠ ಮಾಡುತ್ತಿದ್ದಳಂತೆ. ಈಗ ಮನೆಯಲ್ಲಿ ಸದ್ದು ಶುರುವಾದಾಗ ಪ್ರಶ್ನೆ ಇಡುವವರಲ್ಲಿ ಬಲಿಮೆ ನೋಡಿಸಿದರು. ನೋಡಿದವರು, ಹುಡುಗಿಗೆ ಶಾಲೆಯ ಆಸೆ ಉಂಟು, ಅದು ತೀರದೆ ಮದುವೆಗೆ ಒಪ್ಪುವುದಿಲ್ಲ ಎಂದರು.

“ಅವಳು ಈಗ ಪ್ರಾಯಕ್ಕೆ ಬಂದವಳು, ನಿನಗಿಂತ ಸ್ವಲ್ಪ ದೊಡ್ಡವಳು. ಟೀಚರ್ ಟ್ರೈನಿಂಗ್ ಮಾಡಬೇಕು ಅವಳಿಗೆ,” ಎಂದರು ದೇವದಾಸಣ್ಣ. “ನೀನು ಕಲಿ. ನಿನ್ನ ಮೂಲಕ ಅವಳೂ ಕಲೀತಾಳೆ.”

ಶನಿವಾರ ಮಧ್ಯಾಹ್ನ ಅವರ ಮನೆಗೆ ಬಂದು ಆ ವಾರದ ಪಾಠವನ್ನು ವಿಜೇತಾಳಿಗೆ ಹೇಳಬೇಕು. ಶಾಲೆಗಳಿಗೆ ಅಭ್ಯಾಸ ಪಾಠ ಮಾಡಲು ಹೋದಾಗ ಟೀಚರಿನ ಕುರ್ಚಿಯಲ್ಲಿ ಕೂರದೆ ಅದನ್ನು ಅವಳಿಗೆ ಬಿಡಬೇಕು. ಬೇರೆ ಯಾವ ಷರತ್ತೂ ಇರಲಿಲ್ಲ. ಮಾಲೆ ಹಾಕಿಸಿಕೊಂಡು, ಬಡ ಹುಡುಗಿಯ ಕೈಗೆ ಚೆಕ್ಕು ಕೊಡುವ ಫೋಟೋ ಪೇಪರಿಗೆ ಕಳಿಸುವ ಮಹಾನುಭಾವರಿಗಿಂತ ಇವರು ಎಷ್ಟೋ ವಾಸಿ ಎನಿಸಿತು ಕುಶಲಾಳಿಗೆ. ಮನೆಗೆ ಬಂದು ಹೇಳಿದಾಗ ಅಮ್ಮ ಬೀಡಿ ಎಲೆಯಿಂದ ತಲೆ ಎತ್ತದೆಯೇ, “ಒಂದು ಕುರ್ಚಿ ಬಿಟ್ಟುಕೊಟ್ಟರೆ ನಿನ್ನ ಗಂಟು ಎಂತ ಹೋಗ್ತದೆ?” ಎಂದರು.

ಮೊದಲ ಶನಿವಾರ ಹೋದಾಗ ನಡುಮನೆಯಲ್ಲಿ ಎದುರುಬದುರು ಎರಡು ಮರದ ಕುರ್ಚಿ ಇಟ್ಟಿದ್ದರು. ಒಂದು ಕುಶಲಾಳಿಗೆ. ಇನ್ನೊಂದರ ಮೇಲೆ ಅವಳು ಉಟ್ಟಿದ್ದಂಥದ್ದೇ ಕಾಲೇಜಿನ ಸಮವಸ್ತ್ರದ ಸೀರೆ, ಇಸ್ತ್ರಿ ಮಾಡಿ, ಸೆರಗು ತೋಳಿನ ಮೇಲೆ ಬರುವ ಹಾಗೆ ಹೊದಿಸಿತ್ತು. ವಿನೋದಕ್ಕ ಎರಡು ಲೋಟ ಚಹಾ ತಂದಿಟ್ಟು, “ಮಾತಾಡಿ ನೀವಿಬ್ಬರು,” ಎಂದು ಒಳಗೆ ಹೋದರು. ಕುಶಲಾಳಿಗೆ ಮೊದಲು ನಗು ಬಂತು. ನಗಬಾರದು ಎಂದು ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದಳು. ಆಮೇಲೆ ಖಾಲಿ ಕುರ್ಚಿಯ ಎದುರು ಒಬ್ಬಳೇ ಕೂತು ಮಕ್ಕಳ ಮನೋವಿಜ್ಞಾನದ ಟಿಪ್ಪಣಿ ಓದತೊಡಗಿದಾಗ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಓದುತ್ತಿದ್ದ ಹಾಗೆ ಒಂದು ಸದ್ದು ಶುರುವಾಯಿತು. ಟಕ್, ಟಕ್. ಸ್ವಲ್ಪ ನಿಂತು, ಮತ್ತೆ ಟಕ್, ಟಕ್. ಎದುರಿನ ಕುರ್ಚಿಯಿಂದಲೇ ಬರುತ್ತಿತ್ತು.

ವಿನೋದಕ್ಕ ಬಾಗಿಲಲ್ಲಿ ಇಣುಕಿ, “ಹೆದರಬೇಡ ಮಾರಾಯ್ತಿ,” ಎಂದರು. “ಅವಳು ಹಾಗೆಯೇ. ಕೇಳ್ತಾ ಇದ್ದಾಳೆ.”

ಕುಶಲಾ ಹೆದರಿದಳು. ಬಸ್ಸಿನಲ್ಲಿ ಹಿರಿಯಡ್ಕದವರೆಗೂ ಪಕ್ಕದ ಖಾಲಿ ಸೀಟಿನ ಕಡೆ ನೋಡಲಿಲ್ಲ. ಆದರೂ ಮುಂದಿನ ಶನಿವಾರ ಹೋದಳು. ಫೀಸು ಕಟ್ಟಿಯಾಗಿತ್ತು, ಹೋಗದೆ ಏನು ಮಾಡುವುದು? ಹೋಗುತ್ತಾ ಹೋಗುತ್ತಾ ಆ ಸದ್ದಿನ ಸ್ವಭಾವವೂ ಗೊತ್ತಾಗತೊಡಗಿತು. ಬೋಧನಾ ವಿಧಾನ, ಮೌಲ್ಯಮಾಪನ ಎಂದು ಶುರು ಮಾಡಿದರೆ ಸದ್ದು ಜೋರಾಗುತ್ತಿತ್ತು. ಮಕ್ಕಳಿಗೆ ಹೇಳಲೆಂದು ತಯಾರಿಸಿದ ನರಿಯ ಕತೆಯನ್ನೋ ಅಭಿನಯ ಗೀತೆಯನ್ನೋ ಹೇಳಿದರೆ ತಟ್ಟನೆ ನಿಂತುಹೋಗುತ್ತಿತ್ತು. ಇವಳಿಗೂ ನನ್ನ ಹಾಗೆಯೇ ಮೌಲ್ಯಮಾಪನ ಎಂದರೆ ಆಗುವುದಿಲ್ಲ ಎಂದುಕೊಂಡು ಕುಶಲಾ ಕತೆಗಳನ್ನೇ ಹೆಚ್ಚು ಹೇಳತೊಡಗಿದಳು. ಎದುರಿನ ಲೋಟದ ಚಹಾ ಪ್ರತಿ ಸಲವೂ ಕೆನೆ ಕಟ್ಟಿ ಹಾಗೆಯೇ ಉಳಿಯುತ್ತಿತ್ತು.

ಒಂದು ಶನಿವಾರ ವಿನೋದಕ್ಕ ಅವಳನ್ನು ಒಳಕೋಣೆಗೆ ಕರೆದು ಕಪಾಟು ತೆರೆದು ತೋರಿಸಿದರು. ದೀಪಾವಳಿಗೆ ಮಗಳಿಗೆ ಹೊಸ ಬಟ್ಟೆ ತರುವುದನ್ನು ಅವರು ಯಾವ ವರ್ಷವೂ ಬಿಟ್ಟಿರಲಿಲ್ಲ. ಅಳತೆ ಮಾತ್ರ ವರ್ಷ ವರ್ಷ ದೊಡ್ಡದಾಗುತ್ತಿತ್ತು. ಕೆಳಗಿನ ಅರೆಯಲ್ಲಿ ಫ್ರಾಕು, ಅದರ ಮೇಲೆ ಉದ್ದ ಲಂಗ, ಮತ್ತೆ ಚೂಡಿದಾರ, ಎಲ್ಲಕ್ಕಿಂತ ಮೇಲೆ ಸೀರೆಗಳು. “ಅವಳಿಗೆ ನೀಲಿ ಒಪ್ಪುತ್ತದೆ. ಈಗ ಸ್ವಲ್ಪ ದಪ್ಪ ಆಗಿರಬೇಕು, ನಮ್ಮ ಕಡೆ ಎಲ್ಲರೂ ಹಾಗೆ,” ಎನ್ನುತ್ತಾ ವಿನೋದಕ್ಕ ಒಂದು ಸೀರೆಯನ್ನು ಕುಶಲಾಳ ಹೆಗಲ ಮೇಲೆ ಹಾಕಿ ನೋಡಿದರು. ಸೀರೆಗಳ ಮಡಿಕೆ ಅಂಗಡಿಯಿಂದ ತಂದಾಗಿನಂತೆಯೇ ಇತ್ತು. ಕೆಳಗಿನ ಅರೆಯ ಫ್ರಾಕುಗಳು ಮಾತ್ರ ಮುದುಡಿ, ಯಾರೋ ಹಾಕಿ ತೆಗೆದು ತುರುಕಿದ ಹಾಗೆ ಬಿದ್ದಿದ್ದವು. ಇಲಿ ಇರಬೇಕು ಎಂದರು ವಿನೋದಕ್ಕ. ಇಲಿ ಫ್ರಾಕಿನ ಗುಂಡಿ ಬಿಚ್ಚುತ್ತದೆಯೇ ಎಂದು ಕೇಳಲು ಕುಶಲಾಳಿಗೆ ಧೈರ್ಯ ಬರಲಿಲ್ಲ.

ಎರಡನೇ ವರ್ಷದ ಜೂನ್‌ನಲ್ಲಿ ಅವಳನ್ನು ಕಾರ್ಕಳದ ಹತ್ತಿರದ ಒಂದು ಶಾಲೆಗೆ ಮೂರನೇ ಕ್ಲಾಸಿಗೆ ಅಭ್ಯಾಸ ಪಾಠ ಮಾಡಲು ಹಾಕಿದರು. ಎಸ್ತರ್ ಟೀಚರ್ ಹಿಂದಿನ ಬೆಂಚಿನಲ್ಲಿ ಕೂತು ನೋಡುವವರು. ಕುಶಲಾ ಮಾತು ತಪ್ಪದೆ ಕುರ್ಚಿಯನ್ನು ಖಾಲಿ ಬಿಟ್ಟು ನಿಂತೇ ಪಾಠ ಮಾಡಿದಳು. ಪಾಠ ಮುಗಿದ ಮೇಲೆ ಎಸ್ತರ್ ಟೀಚರ್, “ಎಲ್ಲ ಚಂದ ಆಯ್ತು,” ಎಂದರು. “ಆದರೆ ಮಕ್ಕಳ ಕಣ್ಣು ನಿನ್ನ ಮೇಲೆ ಇರುದಿಲ್ಲ ಕುಶಲಾ. ಆಗಾಗ ಕಿಟಕಿ ಬದಿಯ ಬೆಂಚಿನ ಕಡೆ ನೋಡ್ತಾರೆ, ನಗಾಡ್ತಾರೆ. ಅಲ್ಲಿ ಎಂತ ಉಂಟು?”

ಅಲ್ಲಿ ಏನೂ ಇರಲಿಲ್ಲ. ಮರುದಿನ ಗಮನಿಸಿ ನೋಡಿದಾಗ ಆ ಬೆಂಚಿನ ಮಕ್ಕಳು ಒಂದೇ ಬದಿಗೆ ಒತ್ತಿಕೊಂಡು, ತುದಿಯವನು ಇನ್ನೇನು ಬೀಳುವ ಹಾಗೆ ಕೂತಿದ್ದರು. ಕಿಟಕಿಯ ಪಕ್ಕ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.

“ಸರಿದು ಕೂತ್ಕೊ ಪ್ರಖ್ಯಾತ್. ಅಷ್ಟು ಜಾಗ ಉಂಟಲ್ಲ,” ಎಂದಳು.

“ಜಾಗ ಇಲ್ಲ ಟೀಚರ್,” ಎಂದ ತುದಿಯಲ್ಲಿದ್ದ ಹುಡುಗ.

“ಯಾಕೆ, ಅಲ್ಲಿ ಯಾರಿದ್ದಾರೆ?”

ಹುಡುಗ ಅವಳನ್ನೇ ವಿಚಿತ್ರವಾಗಿ ನೋಡಿದ. “ಟೀಚರಿನ ಒಟ್ಟಿಗೆ ಬಂದವಳು.”

ಆಗ ಕುಶಲಾಳಿಗೆ ಕೇಳಿಸಿತು: ಟಕ್, ಟಕ್. ಕಿಟಕಿ ಬದಿಯಿಂದ. ಅವಳ ಕಣ್ಣು ತಾನಾಗಿಯೇ ಬೆಂಚುಗಳ ಕೆಳಗೆ ಇಳಿಯಿತು. ಮಕ್ಕಳ ಕಾಲುಗಳೆಲ್ಲ ನೆಲ ಮುಟ್ಟದೆ ತೂಗಾಡುತ್ತಿದ್ದವು, ಹಿಮ್ಮಡಿಗಳು ಆಗಾಗ ಬೆಂಚಿನ ಕಾಲಿಗೆ ಬಡಿಯುತ್ತಿದ್ದವು. ಎಲ್ಲ ಕಡೆಯಿಂದ ಅದೇ ಸದ್ದು. ಒಂದು ವರ್ಷ ಪೂರ್ತಿ ಶನಿವಾರ ಶನಿವಾರ ಅವಳ ಎದುರಿಗೆ ಕೂತಿದ್ದವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

“ಅವಳು ಎಂತ ಮಾಡ್ತಾಳೆ?” ಎಂದು ಮೆಲ್ಲಗೆ ಕೇಳಿದಳು.

“ನಮ್ಮ ಪುಸ್ತಕ ನೋಡ್ತಾಳೆ. ಅವಳಿಗೆ ಮಗ್ಗಿ ಪೂರ್ತಿ ಬರುದಿಲ್ಲ.”

ವಿಜೇತಾ ಬೆಳೆದೇ ಇರಲಿಲ್ಲ. ಅಪ್ಪ ಅಮ್ಮ ವರ್ಷಗಳನ್ನು ಕೂಡಿಸುತ್ತಾ ಹೋಗಿದ್ದರು, ಸೀರೆ ತಂದಿದ್ದರು, ಚಹಾ ಕೊಟ್ಟಿದ್ದರು, ಟೀಚರ್ ಟ್ರೈನಿಂಗಿಗೆ ಸೇರಿಸಿದ್ದರು. ಅವಳಿಗೆ ಶಾಲೆಯ ಆಸೆ ಇದ್ದದ್ದು ನಿಜ. ಆದರೆ ಅವಳಿಗೆ ಬೇಕಾಗಿದ್ದದ್ದು ಬೆಂಚು. ಎಲ್ಲರೂ ಸೇರಿ ಅವಳಿಗೆ ಕುರ್ಚಿ ಕೊಟ್ಟಿದ್ದರು.

ಆ ಶನಿವಾರ ಕುಶಲಾ ಉದ್ಯಾವರಕ್ಕೆ ಹೋದಾಗ ವಿನೋದಕ್ಕ ಬಾಗಿಲಲ್ಲೇ ಕಾದಿದ್ದರು. ಇಷ್ಟು ದಿನಗಳಲ್ಲಿ ಅವರ ಮುಖ ಅಷ್ಟು ಅರಳಿದ್ದು ಅದೇ ಮೊದಲೇನೋ. ಸಂಬಂಧ ಕೂಡಿಬಂದಿತ್ತು. ಕಾಪುವಿನವರ ಹುಡುಗ, ಉಜ್ವಲ್ ಅಂತ, ಅವನೂ ಚಿಕ್ಕಂದಿನಲ್ಲೇ ಹೋದವನು. ಜಾತಕ, ಕುಲದ ಬರಿ ಎಲ್ಲ ಹೊಂದಿತ್ತು. ನಾಳೆ ಆದಿತ್ಯವಾರ ಅವರು ಮಾತಿಗೆ ಬರುವವರಿದ್ದರು. ಅಭ್ಯಾಸ ಪಾಠಕ್ಕೆ ಶಾಲೆಗೆ ಹೋದದ್ದೇ ಮಗಳ ಆಸೆ ತೀರಿದ ಹಾಗೆ ಎಂದು ವಿನೋದಕ್ಕನ ಲೆಕ್ಕ; ಆಟಿಯಲ್ಲಿ ಮದುವೆ. ಕುರ್ಚಿಗಳ ಮೇಲೆ ಸೀರೆ, ಪಂಚೆ ಇಟ್ಟು, ಕರಿಮಣಿ ಕಟ್ಟಿಸಿ, ದಿಬ್ಬಣದಲ್ಲಿ ಕಳಿಸಿಕೊಡುವುದು. ಅಲ್ಲಿಂದ ಮುಂದೆ ಅವಳು ಕಾಪುವಿನ ಮನೆಯವಳು, ಎಲೆ ಬಡಿಸುವುದೂ ಆ ಮನೆಯವರೇ.

“ನಮ್ಮ ಮನೆಯಲ್ಲಿ ಮತ್ತೆ ಅವಳಿಗೆ ಎಲೆ ಇಲ್ಲ,” ಎಂದರು ವಿನೋದಕ್ಕ, ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಾ. “ಹೆಣ್ಣುಮಕ್ಕಳು ಅಂದ್ರೆ ಹಾಗೆ ಅಲ್ವಾ. ಒಂದಲ್ಲ ಒಂದು ದಿನ ಕಳಿಸಲೇಬೇಕು.”

ಇಷ್ಟನ್ನೂ ಅವರು ಹೇಳಿದ್ದು ಆ ಕುರ್ಚಿಯ ಎದುರಿಗೇ. ಕಾಲು ಬಡಿಯುತ್ತಿದ್ದ ಸದ್ದು ನಡುವೆ ಎಲ್ಲೋ ನಿಂತುಹೋಗಿತ್ತು. ಕುಶಲಾ ಆ ದಿನ ನರಿಯ ಕತೆ ಹೇಳಿದಳು, ಹಾಡು ಹೇಳಿದಳು. ಎದುರಿನಿಂದ ಏನೂ ಕೇಳಿಸಲಿಲ್ಲ. ಹೊರಡಲೆಂದು ಎದ್ದಾಗ ಸೆರಗು ಎಲ್ಲೋ ಸಿಕ್ಕಿಕೊಂಡಂತಾಗಿ ತಿರುಗಿ ನೋಡಿದಳು. ಮೊಳೆ ಇಲ್ಲ, ಕೊಕ್ಕೆ ಇಲ್ಲ. ಸೆರಗಿನ ತುದಿ ಮಾತ್ರ ಚಿಕ್ಕ ಮುಷ್ಟಿಯಲ್ಲಿ ಹಿಡಿದು ಹಿಂಡಿದ ಹಾಗೆ ಸುಕ್ಕುಗಟ್ಟಿ, ಬೆವರಿನ ಒದ್ದೆಯಾಗಿತ್ತು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ನಂಬಲಿಲ್ಲ ಎಂದಲ್ಲ, ನಮ್ಮ ಕಡೆ ಇಂಥದ್ದನ್ನು ನಂಬದವರು ಯಾರು? ಆದರೆ ಅಮ್ಮನಿಗೆ ಬದುಕಿರುವ ಮಗಳ ಚಿಂತೆ. “ಬಾಯಿ ಮುಚ್ಚಿಕೊಂಡು ಇರು. ಈ ವರ್ಷದ ಫೀಸು ಇನ್ನೂ ಕಟ್ಟಲಿಲ್ಲ ಅವರು. ಮದುವೆ ನಿಂತರೆ ನಿನ್ನ ಓದೂ ನಿಂತಿತು. ಮತ್ತೆ ಮಣಿಪಾಲದಲ್ಲಿ ಬಿಲ್ಲು ಹೊಡೆಯುವುದೇ,” ಎಂದರು. ಅಮ್ಮ ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಕುಶಲಾ ಸೆರಗಿನ ಆ ಸುಕ್ಕನ್ನು ನೀರು ಹಾಕಿ ತಿಕ್ಕಿದಳು, ಇಸ್ತ್ರಿ ಪೆಟ್ಟಿಗೆ ಒತ್ತಿದಳು. ಅದು ಹೋಗಲಿಲ್ಲ.

ಆದಿತ್ಯವಾರ ಅವಳನ್ನು ಯಾರೂ ಕರೆದಿರಲಿಲ್ಲ. ಆದರೂ ಹೋದಳು. ಕಾಪುವಿನ ಗಂಡಹೆಂಡತಿ ಆಗಲೇ ಬಂದು ನಡುಮನೆಯಲ್ಲಿ ಕೂತಿದ್ದರು. ಆ ಹೆಂಗಸಿನ ಮಡಿಲಲ್ಲಿ ಜರಿ ಅಂಚಿನ ಹೊಸ ಪಂಚೆ ಇತ್ತು. ಎದುರಿನ ಕುರ್ಚಿಯ ಮೇಲೆ ನೀಲಿ ರೇಷ್ಮೆ ಸೀರೆ, ಅದರ ಮೇಲೆ ಒಂದು ಮೊಳ ಮಲ್ಲಿಗೆ. ದೇವದಾಸಣ್ಣ, “ಬಂದೆಯಾ? ಒಳ್ಳೆಯದಾಯ್ತು. ಇವಳೇ ನಮ್ಮ ವಿಜೇತಾಳ ಒಟ್ಟಿಗೆ ಕಲಿಯುವವಳು,” ಎಂದು ಬೀಗರಿಗೆ ಪರಿಚಯಿಸಿದರು.

ಕುಶಲಾ ಕೂರಲಿಲ್ಲ. “ದೇವದಾಸಣ್ಣ, ಅವಳಿಗೆ ಮದುವೆ ಮಾಡಬೇಡಿ,” ಎಂದಳು. “ಅವಳು ದೊಡ್ಡವಳಾಗಲಿಲ್ಲ. ಇನ್ನೂ ಮೂರನೇ ಕ್ಲಾಸಿನಲ್ಲೇ ಇದ್ದಾಳೆ.”

ಆಮೇಲೆ ಎಲ್ಲವನ್ನೂ ಹೇಳಿದಳು. ಬೆಂಚು, ಪ್ರಖ್ಯಾತ್ ಹೇಳಿದ ಮಾತು, ನೆಲಕ್ಕೆ ಎಟುಕದ ಕಾಲು. ಹೇಳುತ್ತಿದ್ದ ಹಾಗೆ ದೇವದಾಸಣ್ಣನ ಮುಖ ಕಪ್ಪಾಗುತ್ತಾ ಬಂತು.

“ಎಂತ ಮಾತಾಡ್ತೀ ನೀನು? ನನ್ನ ಮಗಳಿಗೆ ಇಪ್ಪತ್ತಮೂರು ವರ್ಷ. ಅವಳಿಗೆ ಪ್ರಾಯ ಆಗುದಿಲ್ಲ ಅಂದ್ರೆ ನಾವು ಮಾಡಿದ್ದೆಲ್ಲ ಎಂತದು? ಹೊರಡು. ನಾಳೆಯಿಂದ ನಿನ್ನ ಫೀಸು ನೀನೇ ನೋಡಿಕೋ.”

ಟೀಚರ್ ಆಗುವ ಕುಶಲಾಳ ಆಸೆ ಒಂದು ಮಾತಿಗೆ ಮುಗಿದಿತ್ತು. ಅತ್ತುಬಿಡುತ್ತೇನೆ ಎನಿಸಿ ಬಾಗಿಲ ಕಡೆ ತಿರುಗಿದಳು. ಆಗ ವಿನೋದಕ್ಕ ಮಾತಾಡಿದರು. ಗಂಡನ ಹತ್ತಿರ ಅಲ್ಲ, ಕುಶಲಾಳ ಹತ್ತಿರವೂ ಅಲ್ಲ.

“ಹಾಗಾದರೆ ಇಷ್ಟು ವರ್ಷ ಅವಳ ತಲೆ ಬಾಚಿದ್ದು ಯಾರು?”

ವಿನೋದಕ್ಕ ಎದ್ದು ಒಳಗೆ ಹೋಗಿ ತೆಂಗಿನೆಣ್ಣೆ ಮತ್ತು ಬಾಚಣಿಗೆ ತಂದರು. ಹೊಸ್ತಿಲಲ್ಲಿ ಕಾಲು ಅಗಲಿಸಿ ಕೂತರು, ಮುಂದೆ ಒಂದು ಮಗುವನ್ನು ಕೂರಿಸಿಕೊಳ್ಳಲು ಬೇಕಾಗುವಷ್ಟು. “ಬಾ,” ಎಂದರು. ಅಂಗೈಗೆ ಎಣ್ಣೆ ಸುರಿದುಕೊಂಡು ಗಾಳಿಯಲ್ಲಿ ತಟ್ಟಿದರು. ಬಾಚಣಿಗೆಯನ್ನು ಮೇಲಿನಿಂದ ಕೆಳಗೆ ಎಳೆದರು, ಮತ್ತೆ ಎಳೆದರು. ಮೂರನೆಯ ಸಲ ಬಾಚಣಿಗೆ ನಡುವೆ ಸಿಕ್ಕಿಕೊಂಡು ನಿಂತಿತು. ಎಲ್ಲರೂ ಅದನ್ನು ನೋಡಿದರು. ವಿನೋದಕ್ಕ ಜಗ್ಗಲಿಲ್ಲ. ಎಡಗೈಯಲ್ಲಿ ಬುಡ ಹಿಡಿದುಕೊಂಡು, ನೋವಾಗದ ಹಾಗೆ, ಸ್ವಲ್ಪ ಸ್ವಲ್ಪವೇ ಸಿಕ್ಕು ಬಿಡಿಸತೊಡಗಿದರು. ಅವರ ಕಣ್ಣಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು.

ದೇವದಾಸಣ್ಣ ಬಹಳ ಹೊತ್ತು ಹೆಂಡತಿಯ ಕೈಯನ್ನೇ ನೋಡುತ್ತಾ ನಿಂತರು. ಆಮೇಲೆ ಕುರ್ಚಿಯ ಮೇಲಿನ ಸೀರೆ ಎತ್ತಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಕಾಪುವಿನವರ ಎದುರು ಬಂದು ಕೈಮುಗಿದರು.

“ತಪ್ಪು ತಿಳೀಬೇಡಿ,” ಎಂದರು. “ನಮ್ಮ ಹುಡುಗಿಗೆ ಪ್ರಾಯ ಆಗಲಿಲ್ಲ.”

ಕುಶಲಾಳ ಕಡೆ ತಿರುಗಿ, ಬುಧವಾರ ಕಾಲೇಜಿಗೆ ಬಂದು ಫೀಸು ಕಟ್ಟುತ್ತೇನೆ ಎಂದರು. ಕಾಪುವಿನ ಗಂಡಸು ಕೊಡೆ ತೆಗೆದುಕೊಂಡು ಎದ್ದರು. ಅವರ ಹೆಂಡತಿ ಏಳಲಿಲ್ಲ. ಮಡಿಲಲ್ಲಿದ್ದ ಪಂಚೆಯನ್ನು ಬಿಚ್ಚಿ, ಅದರ ಉದ್ದವನ್ನು ಈಗ ತಾನೇ ಕಂಡವರ ಹಾಗೆ ನೋಡುತ್ತಿದ್ದರು. ಕೊನೆಗೆ ತಲೆ ಎತ್ತಿ ಕುಶಲಾಳ ಮುಖ ಹುಡುಕಿದರು.

“ಟೀಚರ್,” ಎಂದರು, ಕೂತಲ್ಲೇ ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕೆ ಅಂಗೈ ಹಿಡಿದು. “ನಮ್ಮವನು ಹೋಗುವಾಗ ಇಷ್ಟೇ ಇದ್ದ. ಶಾಲೆಗೆ ಸೇರಿಸುವ ಅಂತ ಬ್ಯಾಗು, ಕೊಡೆ ಎಲ್ಲ ತಂದಿಟ್ಟಿದ್ದೆವು. ಸೇರಿಸಲಿಕ್ಕೆ ಆಗಲಿಲ್ಲ.”

ಕುಶಲಾ ಅವರ ಹತ್ತಿರ ಹೋಗಿ ನೆಲದ ಮೇಲೆ ಕೂತಳು.

“ನಾಳೆ ಸೋಮವಾರ, ಶಾಲೆ ಉಂಟು,” ಎಂದಳು. “ಕಳಿಸಿ ಅಕ್ಕ. ನಾನು ನೋಡಿಕೊಳ್ತೇನೆ.”